ಊರಮ್ಮನ ಎಡೆ

ಕಾಡಿನ ಗೇಟಿನ ಹತ್ತಿರ ಗಾರ್ಡ್ ಜಂಬುನಾಥ್ ಒಂದೇ ಮಾತು ಹೇಳಿದ್ದ: ತಿನ್ನುವ ಪದಾರ್ಥ ಒಳಗೆ ಒಯ್ಯುವಂತಿಲ್ಲ, ಕರಡಿಗಳಿವೆ. ತಾಯಕ್ಕ ಏನೂ ಅರಿಯದವಳಂತೆ ತಲೆಯಾಡಿಸಿದಳು. ಬೆಲ್ಲ, ಕೊಬ್ಬರಿ, ಹೋಳಿಗೆ ಎಲ್ಲ ಆಕೆಯ ಸೀರೆಯ ಉಡಿಯಲ್ಲೇ ಇದ್ದವು. ಸೊಸೆ ಗಂಗೋತ್ರಿಗೆ ಅದು ಗೊತ್ತಿತ್ತು. ಆದರೆ ಅತ್ತೆಯ ಮುಂದೆ ಬಾಯಿ ಬಿಡುವವರ ಪೈಕಿ ಅವಳಲ್ಲ.

ಸಂಡೂರಿನ ಈ ಗುಡ್ಡದ ಮೇಲೆಯೇ ಹಿಂದೆ ತಾಯಕ್ಕನ ತವರೂರಿತ್ತು. ಅದಿರಿಗಾಗಿ ಊರು ಎಬ್ಬಿಸಿದರು, ಗುಡ್ಡ ಅಗೆದರು. ಗಣಿ ಮುಚ್ಚಿದ ಮೇಲೆ ಹೊಂಗೆ, ಬೇವು, ಸೀತಾಫಲ ನೆಟ್ಟು ಮತ್ತೆ ಕಾಡು ಮಾಡಿದರು. ಕಾಡೇನೋ ಸೊಂಪಾಗಿಯೇ ಬೆಳೆಯಿತು. ನೋಡಲು ಬಂದವರಿಗೆ ಒಂದು ನವಿಲು ಕಂಡರೆ ಸಾಕು, ಫೋನು ಹೊರಗೆ ಬರುತ್ತಿತ್ತು. ಹಳೆಯ ಊರಿನದೆಂದು ಉಳಿದದ್ದು ಊರಮ್ಮನ ಕಲ್ಲೊಂದೇ. ಊರಿನವರು ಈಗಲೂ ಕದ್ದುಮುಚ್ಚಿ ಬಂದು ಅಲ್ಲಿ ಎಡೆ ಇಡುತ್ತಿದ್ದರು. ಎಡೆ ಇಟ್ಟವರು ಗೇಟು ದಾಟುವತನಕ ಹಿಂದೆ ತಿರುಗಬಾರದು, ತಿರುಗಿದರೆ ಹರಕೆ ಸುಳ್ಳಾದಂತೆ. ಮರುದಿನ ಎಡೆ ಖಾಲಿ, ತಾಯಿ ಉಂಡಳೆಂದು ಇವರಿಗೆ ಹಿಗ್ಗೋ ಹಿಗ್ಗು. ಉಂಡದ್ದು ಯಾರೆಂದು ನೋಡಿದವರೇ ಇಲ್ಲ.

ಈ ಸಲದ ಹರಕೆ ಗಂಗೋತ್ರಿಯ ಮೂರು ವರ್ಷದ ಮಗನದು. ಫಿಟ್ಸ್ ಬಂದು ಅವನು ಕೈತಪ್ಪಿ ಹೋಗುವುದರಲ್ಲಿದ್ದ. ಹೊಸಪೇಟೆಯ ಡಾಕ್ಟರರಿಗೆಲ್ಲ ತೋರಿಸಿ ಮುಗಿದಿತ್ತು. ಅವನು ಉಳಿಯುವುದಾದರೆ ಅವಳು ಕೆಂಡ ಹಾಯಲೂ ತಯಾರಿದ್ದಳು.

ಎಡೆ ಇಟ್ಟು ಹೊರಟರು. ಮುಂದೆ ಅತ್ತೆ, ಹಿಂದೆ ಮಗನನ್ನು ಹೆಗಲಿಗೆ ಹಾಕಿಕೊಂಡ ಗಂಗೋತ್ರಿ. ಪ್ರಸಾದವೆಂದು ಅರ್ಧ ಬೆಲ್ಲ ತಾಯಕ್ಕನ ಉಡಿಯಲ್ಲೇ ಉಳಿದಿತ್ತು. ಸ್ವಲ್ಪ ದೂರ ನಡೆದಿರಬೇಕು, ಹಕ್ಕಿಗಳೆಲ್ಲ ಒಮ್ಮೆಲೇ ಸುಮ್ಮನಾದವು. ಹಿಂದೆ ತರಗೆಲೆ ಸರಕ್ಕೆಂದಿತು. ಅಮ್ಮನ ಹೆಗಲ ಮೇಲಿಂದ ಹಿಂದಕ್ಕೇ ನೋಡುತ್ತಿದ್ದ ಮಗ ಕಿಲಕಿಲ ನಕ್ಕ.

"ಅವ್ವ, ದೊಡ್ಡ ಕರೇ ನಾಯಿ ಬರ್ತೈತಿ."

ಗಂಗೋತ್ರಿಯ ಕತ್ತು ತಾನಾಗಿ ತಿರುಗಲು ಹೋಯಿತು. ಮಗನ ಬಾಯಲ್ಲಿ ನೊರೆ ಬಂದ ದಿನ ನೆನಪಾಗಿ ತಡೆದುಕೊಂಡಳು. ಏದುಸಿರಿನ ಸದ್ದು ಹತ್ತಿರವಾಗುತ್ತಿತ್ತು. ಮುಂದಿದ್ದ ತಾಯಕ್ಕ ನಿಂತಳು. ಜೀವಮಾನದಲ್ಲೇ ಮೊದಲ ಸಲ, ಆ ಹಾದಿಯಲ್ಲಿ, ಹಿಂದೆ ತಿರುಗಿದಳು. ಆಕೆಯ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ನೀ ತಿರುಗಬ್ಯಾಡ ಗಂಗಾ, ಹರಕಿ ನಿನ್ನ ಮಗಂದು. ಬೆಲ್ಲ ನನ್ನ ಉಡ್ಯಾಗೈತಿ. ನೀ ನಡಿ."

ಸೊಸೆಯನ್ನು ಪಕ್ಕಕ್ಕೆ ಸರಿಸಿ ತಾಯಕ್ಕ ಹಿಂದಕ್ಕೆ ಹೋದಳು. ಗಂಗೋತ್ರಿ ಅಳುತ್ತ ನಡೆದಳು. ಹಿಂದೆ ಗುರುಗುಟ್ಟಿದ ಸದ್ದು, ಅತ್ತೆಯ ಒಂದು ಕೂಗು, ಅದೂ ಅರ್ಧಕ್ಕೇ ನಿಂತಿತು. ಗೇಟಿನ ಕಡೆಯಿಂದ ಜಂಬುನಾಥ್ ಕೋಲು ಹಿಡಿದು ಅರಚುತ್ತ ಓಡಿಬಂದು ಅವಳನ್ನು ದಾಟಿಹೋದ.

ಮಗನ ನಗು ಯಾವಾಗಲೋ ನಿಂತಿತ್ತು. "ಅವ್ವ, ಅಜ್ಜಿ ಮಣ್ಣಾಗ ಮಕ್ಕೊಂಡ್ಳು," ಅಂದ.

ಗಂಗೋತ್ರಿ ಅವನ ಮುಖವನ್ನು ಎದೆಗೆ ಒತ್ತಿಕೊಂಡು, ತಿರುಗದೆ, ಗೇಟಿನತ್ತ ನಡೆಯುತ್ತಲೇ ಇದ್ದಳು.