ಶೇಂಗಾ ಬೊಗಳದ ಸಂಜೆ

ವಿದ್ಯಾವತಿ ಎಡಗೈಯಲ್ಲಿ ನಾಯಿಯ ಬಾಯನ್ನು ಅದುಮಿ ಹಿಡಿದಿದ್ದಳು. ಬಲಗೈಯಲ್ಲಿ ವೀಡಿಯೊ ಹಚ್ಚಿದ ಮೊಬೈಲು. ಕಾಂಪೌಂಡು ಗೋಡೆಯ ಆಚೆ, ಹತ್ತು ಹೆಜ್ಜೆ ದೂರದ ಕಿಟಕಿಯಲ್ಲಿ ದತ್ತಪ್ಪ ಮಾಸ್ತರನ ಬೆನ್ನು, ಏಳುತ್ತ ಇಳಿಯುತ್ತಿದ್ದ ಬೆತ್ತ, ಅದರ ಮುಂದೆ ಚಾಚಿದ ಎರಡು ಪುಟ್ಟ ಅಂಗೈ ಕಾಣುತ್ತಿದ್ದವು. ಮಾಸ್ತರನ ಮುಖ ಮಾತ್ರ ಕಾಣುತ್ತಿರಲಿಲ್ಲ.

"ತಡಿ," ಎಂದು ನಾಯಿಯ ಕಿವಿಯಲ್ಲಿ ಉಸುರಿದಳು. "ಇನ್ನ ಜರಾ ತಡಿ. ಈ ಕಡಿ ತಿರುಗ್ಲಿ ಅಂವ."

ಶೇಂಗಾ ಅವಳ ಮೊಣಕಾಲುಗಳ ನಡುವೆ ಒದ್ದಾಡಿತು. ಅದು ಬೊಗಳಿದರೆ ಮಾಸ್ತರ ಹೊಡೆಯುವುದನ್ನು ನಿಲ್ಲಿಸುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಈ ಹದಿನೈದು ದಿನದಲ್ಲಿ ಮೂರು ಸಲ ಹಾಗಾಗಿತ್ತು. ನಾಯಿ ಗೇಟಿಗೆ ಕಾಲು ಕೊಟ್ಟು ನಿಂತು ಬೊಗಳಿದ ಕೂಡಲೇ ಬೆತ್ತ ಇಳಿದು, ಕಿಟಕಿ ಮುಚ್ಚಿ, ಒಳಗಿಂದ ಮಗ್ಗಿ ಕೇಳತೊಡಗುತ್ತಿತ್ತು. ಮೂರು ಸಲವೂ ಅವಳ ಮೊಬೈಲಿನಲ್ಲಿ ಉಳಿದದ್ದು ಮುಚ್ಚಿದ ಕಿಟಕಿ.

ಕೊನೆಗೂ ಅವನು ತಿರುಗಿದ. ಬೆತ್ತವನ್ನು ಕಂಕುಳಲ್ಲಿ ಸಿಕ್ಕಿಸಿ, ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ. ಸಂಜೆಯ ಬಿಸಿಲು ನೇರ ಮುಖದ ಮೇಲೆ ಬಿತ್ತು. ಮತ್ತೆ ಬೆತ್ತ ಎತ್ತಿದ. ಸಿಗಬೇಕಾದದ್ದು ಸಿಕ್ಕಿತ್ತು. ಆದರೂ ಇನ್ನು ನಾಲ್ಕು ಏಟು ಬೀಳುವ ತನಕ ವಿದ್ಯಾವತಿ ಕೈ ಬಿಡಲಿಲ್ಲ.

ಸುಲಿದ ಶೇಂಗಾಬೀಜದ ಬಣ್ಣದ ಆ ನಾಯಿ ಮರಿಯಾಗಿದ್ದಾಗ ಕಲಬುರಗಿ ಅಂಚಿನ ಶರಣಸಿರಸಗಿಯ ಈ ಹೊಸ ಲೇಔಟಿಗೆ ತಾನಾಗಿಯೇ ಬಂದು ಅವಳ ರೊಟ್ಟಿ ಒಲೆಯ ಬೂದಿಯಲ್ಲಿ ಮಲಗಿತ್ತು. ಮಕ್ಕಳ ವಿಷಯದಲ್ಲಿ ಅದರದೊಂದು ಲೆಕ್ಕ. ಹಟದ ಅಳುವಿಗೆ, ಹಸಿವಿನ ಅಳುವಿಗೆ ಕಿವಿ ಸಹ ಅಲ್ಲಾಡಿಸುತ್ತಿರಲಿಲ್ಲ. ಹೆದರಿದ ಮಗು, ನೊಂದ ಮಗು ಬಾಯಿ ತೆರೆಯದಿದ್ದರೂ ಎದ್ದು ಹೋಗಿ ಅದರ ಪಾದದ ಮೇಲೆ ಗದ್ದ ಊರುತ್ತಿತ್ತು. ಎದುರು ಮನೆಯ ಇಕ್ಬಾಲ್ ಬೇಗಂಳ ಮೊಮ್ಮಗಳು ಸಬಾ ಉಸುಕಿನ ಗುಂಪಿಯ ಹಿಂದೆ ಬಿದ್ದು, ಕೈ ಮುರಿದುಕೊಂಡು, ಬೈಗುಳಕ್ಕೆ ಹೆದರಿ ಸದ್ದಿಲ್ಲದೆ ಕೂತಿದ್ದಾಗ ಊರೆಲ್ಲ ಹುಡುಕುವವರನ್ನು ಅಲ್ಲಿಗೆ ಎಳೆದೊಯ್ದದ್ದು ಶೇಂಗಾನೇ. ಅದುವರೆಗೆ ನಾಯಿ ಸುಳಿದರೆ ಸೆರಗು ಎತ್ತಿಕೊಂಡು ಸರಿಯುತ್ತಿದ್ದ ಬೇಗಂ, "ಅಲ್ಲಾ ಇದಕ್ಕ ಮಕ್ಕಳ ದರ್ದ್ ತಿಳಿಯೋದು ಕೊಟ್ಟಾನ ನೋಡ್ರಿ. ನಮ್ಮ ಮನಿ ಗಂಡಸರಿಗಿ ಕೊಡೋದು ಮರತಾನ," ಎಂದಿದ್ದಳು.

ಎರಡು ತಿಂಗಳ ಹಿಂದೆ ಪಕ್ಕದ ಮನೆಗೆ ದತ್ತಪ್ಪ ಮಾಸ್ತರ ಬಂದ. ಪ್ರವೇಶ ಪರೀಕ್ಷೆಗೆ ತಯಾರಿ, ಊಟ ವಸತಿ ಸಹಿತ ಎಂದು ಬೋರ್ಡು ಹಾಕಿದ. ಮೊದಲಿಗೆ ಐದು ಮಕ್ಕಳು ಬಂದವು. ಮೊದಲ ದಿನ ರೊಟ್ಟಿ ಕೊಳ್ಳಲು ಅವನು ಬಾಗಿಲಲ್ಲಿ ನಿಂತಾಗ ವಿದ್ಯಾವತಿ ಬಡಿಯುತ್ತಿದ್ದ ರೊಟ್ಟಿ ಕೈಯಲ್ಲೇ ಹರಿಯಿತು. ಕೂದಲು ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು, ಆದರೆ "ಹೂಂ, ಮುಂದ?" ಎಂದು ಗದ್ದ ಎತ್ತುವ ರೀತಿ ಅದೇ. ಅವನಿಗೆ ಅವಳ ಗುರುತು ಹತ್ತಲಿಲ್ಲ.

ಇಪ್ಪತ್ತು ವರ್ಷದ ಹಿಂದೆ, ಕಮಲಾಪುರದಲ್ಲಿ, ಅವನು ಪಾಠ ಮಾಡುತ್ತಿದ್ದ ಶಾಲೆಯಲ್ಲೇ ಅವಳ ಗಂಡ ಜವಾನ. ಮಗ ಗೌತಮನನ್ನು ಮೂರನೆಯ ಇಯತ್ತೆಗೆ ಹಚ್ಚಿದ ದಿನ ತೆಂಗಿನಕಾಯಿ ಕೊಟ್ಟು, ಹೊಡೆದಾದರೂ ಕಲಿಸಿರೆಂದು ಎಲ್ಲರೂ ಹೇಳುವ ಮಾತನ್ನೇ ತಾನೂ ಹೇಳಿದ್ದಳು: "ಎಲುಬು ನಮ್ಮದು, ಚರ್ಮ ನಿಮ್ಮದು ರೀ ಮಾಸ್ತರ." ದೀಪಾವಳಿಯ ಹೊತ್ತಿಗೆ ಒಂದು ಮಧ್ಯಾಹ್ನ ಗೌತಮ ಎಡಗಿವಿಯಿಂದ ರಕ್ತ ಸುರಿಸಿಕೊಂಡು ಮನೆಗೆ ಬಂದ. ಗಂಡನ ನೌಕರಿ ಹೋದೀತೆಂದು, ಮರುದಿನ ಮಗನನ್ನು ಕರೆದುಕೊಂಡು ಹೋಗಿ, ಮಾಸ್ತರನ ಕಾಲಿಗೆ ಬೀಳಿಸಿ, ತಪ್ಪಾಯಿತು ಎನ್ನಿಸಿದವಳು ಅವಳೇ. ಆ ಕಿವಿ ಮತ್ತೆ ಕೇಳಲಿಲ್ಲ. ಗಂಡ ಈಗಿಲ್ಲ. ಗೌತಮ ಬೇಳೆ ಮಿಲ್ಲಿನಲ್ಲಿ ಮಷೀನು ನೋಡುತ್ತಾನೆ.

"ಮಿಲ್ಲಿನ ಸಪ್ಪಳಕ ಒಂದ ಕಿವಿ ಇದ್ದರ ಲಾಭನೇ ಯವ್ವಾ," ಎಂದು ನಗುತ್ತಾನೆ. ಮಾಸ್ತರ ಪಕ್ಕಕ್ಕೇ ಬಂದಿದ್ದಾನೆಂದು ಹೇಳಿದಾಗಲೂ, "ನಾನೇ ಮರ್ತೀನಿ, ನಿಂದೇನು?" ಎಂದು ಮಗ್ಗಲು ಬದಲಿಸಿದ್ದ.

ಅವಳದೇ ಇತ್ತು. ಮಾಸ್ತರ ಮನೆ ಬದಲಿಸದಿರಲೆಂದು ಅವಳು ಅವನಿಗೆ ಎಲ್ಲಕ್ಕಿಂತ ಮೆತ್ತಗಿನ ರೊಟ್ಟಿ ಆರಿಸಿ ಕೊಟ್ಟಳು. ಮೇಲೆ ಶೇಂಗಾ ಹಿಂಡಿ ಪುಕ್ಕಟೆ. ಭಾನುವಾರ ಮಕ್ಕಳನ್ನು ನೋಡಲು ಬಂದ ತಂದೆತಾಯಿಗಳಿಗೆ ಖಡಕ್ ರೊಟ್ಟಿ ಕಟ್ಟಿಕೊಟ್ಟು, ಬೇಕಾದಾಗ ಫೋನ್ ಮಾಡಿರೆಂದು ಹೇಳಿ ಒಬ್ಬೊಬ್ಬರ ನಂಬರನ್ನೂ ತೆಗೆದುಕೊಂಡಳು. ಮೂರು ವಾರದ ಹಿಂದೆ ಕಮಲಾಪುರದ ಜಯದೇವಿ ಎಂಬಾಕೆ ಒಂಬತ್ತು ವರ್ಷದ ಮಗಳು ಮಾಯಾಳನ್ನು ಬಿಡಲು ಬಂದಳು. ಕೆಂಪು ಬಾಳೆಯ ಗೊನೆಯೊಂದನ್ನು ಮಾಸ್ತರನ ಮುಂದಿಟ್ಟು, ಅದೇ ಮಾತು ಹೇಳಿದಳು. ಗೋಡೆಯ ಈಚೆ ವಿದ್ಯಾವತಿಯ ಕೈ ಹಿಟ್ಟಿನಲ್ಲಿ ನಿಂತಿತು. ಆಗಲೇ ಕರೆದು ಎರಡು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಜಯದೇವಿ ಮಗಳನ್ನು ಕರೆದುಕೊಂಡು ಹೋಗುತ್ತಿದ್ದಳು. ಮಾಸ್ತರ ಹಾಗೇ ಇರುತ್ತಿದ್ದ.

ಮಾಯಾಳ ಅಂಗೈಗೆ ಏಟು ಬಿದ್ದದ್ದು ಮೊಬೈಲಿನಲ್ಲಿ ಸಿಕ್ಕ ಮರುದಿನ ಮೊದಲ ಬಸ್ಸಿಗೆ ವಿದ್ಯಾವತಿ ಕಮಲಾಪುರಕ್ಕೆ ಹೋದಳು. ದಾರಿಯುದ್ದಕ್ಕೂ ಸೆರಗಿನೊಳಗಿನ ಮೊಬೈಲನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಬಹಳ ವರ್ಷದ ಮೇಲೆ ಮೈ ಹಗುರಾಗಿತ್ತು. ಅವನ ಬೋರ್ಡು ಕೆಳಗಿಳಿಯುವುದನ್ನು, ಮಂದಿಯ ನಡುವೆ ಅವನು ತಲೆ ತಗ್ಗಿಸಿ ನಿಲ್ಲುವುದನ್ನು ಕಣ್ಣಮುಂದೆ ತಂದುಕೊಂಡು ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತಳು.

ಜಯದೇವಿ ತೋಟದಲ್ಲಿ ಗೊನೆಗಳನ್ನು ಮೂರು ಗಾಲಿಯ ಟಂಟಂ ಗಾಡಿಗೆ ಏರಿಸುತ್ತಿದ್ದಳು. "ಬರ್ರಿ ಅಕ್ಕೋರ, ರೊಟ್ಟಿ ಅಕ್ಕೋರು ನೀವು," ಎಂದು ನಕ್ಕವಳು ಮೊಬೈಲು ನೋಡುತ್ತ ಬದುವಿನ ಮೇಲೆ ಕುಸಿದಳು. ಒಂದು ಸಲ ನೋಡಿದಳು. ಇನ್ನೊಂದು ಸಲ ಕಣ್ಣು ಮುಚ್ಚಿ ಬರೀ ಕೇಳಿದಳು.

"ಈ ಕುಂಯ್ ಕುಂಯ್ ಅನ್ನೋದು ಏನ್ರಿ? ನಮ್ಮ ಹುಡುಗಿ ದನಿ ಅಲ್ಲ ಇದು."

"ನಮ್ಮ ನಾಯಿ."

"ಬೊಗಳೋದು ಬಿಟ್ಟು ಹಿಂಗ್ಯಾಕ ಮಾಡ್ತದ?"

ಟಂಟಂ ಓಡಿಸುವವನು ಹಗ್ಗ ಬಿಗಿಯುತ್ತ ಇತ್ತಲೇ ನೋಡುತ್ತಿದ್ದ. ಸುಳ್ಳು ಹೇಳಲು ವಿದ್ಯಾವತಿಗೆ ಹೊತ್ತಿತ್ತು. "ಬಾಯಿ ಹಿಡದಿದ್ದೆ," ಎಂದಳು. "ಬೊಗಳಿದ್ರ ಅಂವ ಕಿಟಕಿ ಮುಚ್ತಾನ. ಪುರಾವ ಸಿಗೂದಿಲ್ಲ ತಂಗಿ."

ಜಯದೇವಿ ಅವಳನ್ನು ನೋಡಿದಳು. ಕೈಗಂಟಿದ ಬಾಳೆಯ ಸೊನೆಯನ್ನು ಮಣ್ಣಿಗೆ ಉಜ್ಜಿಕೊಂಡು, ಡ್ರೈವರನ ಪಕ್ಕ ಹತ್ತಿ ಕೂತಳು. ವಿದ್ಯಾವತಿ ಹಿಂದೆ ಗೊನೆಗಳ ನಡುವೆ ಕೂತು ಕಲಬುರಗಿಗೆ ಬಂದಳು.

ಮಾಸ್ತರ ವರಾಂಡದಲ್ಲಿ ಪೇಪರು ಓದುತ್ತಿದ್ದ. ಜಯದೇವಿ ಕೂಗಾಡಲಿಲ್ಲ. "ಹುಡುಗಿನ್ನ ಕಳಸ್ರಿ," ಎಂದಳು. ಮಾಯಾ ಚೀಲ ತೆಗೆದುಕೊಂಡು ಹೊರಬಂದಳು. ಜಯದೇವಿ ಅವಳ ಅಂಗೈಗಳನ್ನು ಬಿಡಿಸಿ ಮಾಸ್ತರನ ಮುಂದೆ ಹಿಡಿದಳು.

ಅವನು ಕನ್ನಡಕ ತೆಗೆದ. "ನೀವೇ ಅಂದಿದ್ರಲ್ಲ ತಾಯಿ, ಚರ್ಮ ನಿಮ್ಮದಂತ. ನಾ ಏನು ಬ್ಯಾರೆ ಮಾಡೀನಿ?"

ಜಯದೇವಿ ಮಗಳ ಕೈಗಳನ್ನು ಕೆಳಗಿಳಿಸಿದಳು. ಇದೇ ಹೊತ್ತಿಗೆ ಕಾದಿದ್ದವಳಂತೆ ವಿದ್ಯಾವತಿ ಮುಂದೆ ಬಂದಳು.

"ನನ್ನ ಗುರ್ತು ಸಿಕ್ತೇನ್ರಿ?"

"ರೊಟ್ಟಿ ವಿದ್ಯಾವತಿ. ಯಾಕ, ಏನಾತು?"

"ಕಮಲಾಪುರ ಸಾಲ್ಯಾಗ ಜವಾನನ ಹೆಂಡತಿ. ಗೌತಮನ ಅವ್ವ. ಚರ್ಮ ನಿಮ್ಮದು ಅಂತ ನಾನೂ ಅಂದಿದ್ದೆ. ಕಿವಿ ನಿಮ್ಮದು ಅಂದಿರಲಿಲ್ಲ."

ಇಪ್ಪತ್ತು ವರ್ಷ ಆ ಮಾತನ್ನು ಅವಳು ಹಿಟ್ಟು ನಾದುತ್ತ, ಪಾತ್ರೆ ತಿಕ್ಕುತ್ತ ನೂರು ಸಲ ಆಡಿ ನೋಡಿದ್ದಳು. ಪ್ರತಿ ಸಲವೂ ಅವನ ಮುಖ ಸುಣ್ಣವಾಗುತ್ತಿತ್ತು. ಈಗ ಅವನು ಹುಬ್ಬು ಗಂಟಿಕ್ಕಿ, ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದ.

"ಯಾವ ಗೌತಮ?" ಎಂದ. "ಎಷ್ಟ ಮಂದಿಗಿ ಹೊಡದೀನಿ ತಾಯಿ. ಅದರಾಗ ಎಷ್ಟ ಮಂದಿ ಸಾಹೇಬರಾಗ್ಯಾರ. ಎಲ್ಲಾರ ಹೆಸರೂ ಹ್ಯಾಂಗ ನೆಪ್ಪಿಡ್ಲಿ?"

ವಿದ್ಯಾವತಿ ಮೊಬೈಲು ತೆಗೆದಳು. ಉಳಿದ ಐದು ಮಕ್ಕಳ ಮನೆಗೆ ಆ ವೀಡಿಯೊವನ್ನು ಒಂದೊಂದಾಗಿ ಕಳಿಸಿದಳು. ಪ್ರತಿ ಸಲ ಟಿಕ್ ಎಂದಾಗ ತಲೆಯೆತ್ತಿ ಅವನನ್ನು ನೋಡಿದಳು.

"ಇನ್ನ ಮ್ಯಾಲ ನೆಪ್ಪಿರ್ತದ ಬಿಡ್ರಿ," ಎಂದಳು. "ನೀವು ಹೊಡಿಯೋದು, ನಿಮ್ಮ ಮಾರಿ, ಎಲ್ಲಾ ಇದರಾಗ ಅದ. ನಾಳಿ ಪೊಲೀಸರೂ ನೋಡ್ತಾರ."

ಅವನು ಎದ್ದು ನಿಂತ. ಪೇಪರು ಜಾರಿ ಬಿತ್ತು. ಏನೋ ಹೇಳಹೋಗಿ, ಬಾಗಿಲಲ್ಲಿ ಗುಂಪುಗೂಡಿದ್ದ ಮಕ್ಕಳನ್ನು ಕಂಡು ಒಳಗೆ ನಡೆದ. ಅವಳು ಬಯಸಿದ್ದ ಮುಖವೇ ಅದು. ಕಣ್ತುಂಬ ನೋಡಿದಳು.

ಬೀದಿಗೆ ಬಂದಾಗ ಶೇಂಗಾ ಆಗಲೇ ಮಾಯಾಳ ಪಾದದ ಮೇಲೆ ಗದ್ದ ಊರಿತ್ತು. ಹುಡುಗಿ ಬಾತ ಅಂಗೈಯನ್ನು ಮೇಲೆ ಮಾಡಿ, ಮುಂಗೈಯಿಂದ ಅದರ ನೆತ್ತಿ ಸವರುತ್ತಿದ್ದಳು.

"ಬಾ ತಂಗಿ," ಎಂದಳು ವಿದ್ಯಾವತಿ. "ಕೈಗಿ ಎಣ್ಣಿ ಹಚ್ತೀನಿ."

ಮಾಯಾ ನಿನ್ನೆ ಮೊಬೈಲು ಇಣುಕಿದ್ದ ಗೋಡೆಯನ್ನು ನೋಡಿದಳು, ಅವಳನ್ನು ನೋಡಿದಳು, ತಾಯಿಯ ಹಿಂದೆ ಸರಿದಳು.

"ಬ್ಯಾಡ್ರಿ ಅಕ್ಕೋರ," ಎಂದಳು ಜಯದೇವಿ, ದನಿ ಎತ್ತದೆ. "ನಮ್ಮ ಮನ್ಯಾಗ ಹಚ್ತೀನಿ."

ಮಗಳನ್ನು ಟಂಟಂನ ಹಿಂದೆ ಹತ್ತಿಸಿ ತಾನೂ ಕೂತಳು. ಶೇಂಗಾ ಒಂದೇ ನೆಗೆತಕ್ಕೆ ಏರಿ ಹುಡುಗಿಯ ಮಗ್ಗುಲಲ್ಲಿ ಮಲಗಿತು. ವಿದ್ಯಾವತಿ ಹೆಸರು ಹಿಡಿದು ಕರೆದಳು. ನಾಯಿ ಕತ್ತು ತಿರುಗಿಸಿ ನೋಡಿತು, ಇಳಿಯಲಿಲ್ಲ. ಇನ್ನೊಮ್ಮೆ ಕರೆದಳು.

"ನಾಯಿನೂ ಬರ್ತದೇನ್ರಿ?" ಡ್ರೈವರ ಕೇಳಿದ.

ಜಯದೇವಿ ಬೇರೆ ಕಡೆ ನೋಡುತ್ತಿದ್ದಳು.

"ಬರ್ತದ," ಎಂದಳು ವಿದ್ಯಾವತಿ. "ಮಜ್ಜಿಗಿ ಅಂದ್ರ ಜೀವ ಅದಕ್ಕ. ಹುಳಿ ಆಗಿರಬಾರದು, ಅಷ್ಟೇ."

ಟಂಟಂ ಅರ್ಧ ಕಟ್ಟಿದ ಮನೆಗಳ ನಡುವೆ ಹಾದು ದೊಡ್ಡ ರಸ್ತೆಯ ಕಡೆ ಹೊರಳಿತು. ಮಾಸ್ತರನ ಮನೆಯೊಳಗೆ ಫೋನು ರಿಂಗಾಗತೊಡಗಿತು. ನಿಂತಿತು. ಮತ್ತೆ ರಿಂಗಾಯಿತು. ವಿದ್ಯಾವತಿ ಅದನ್ನು ಕೇಳುತ್ತ, ಎದ್ದ ಧೂಳು ಕೂರುವ ತನಕ ಬೀದಿಯ ನಡುವೆ ನಿಂತಿದ್ದಳು.