ಗಂಟಿಗೆ ಹತ್ತಿ ತುರುಕಿದ ಟೈಪ್ ಮಿಷನ್

ಎಣ್ಣಿ ವಾಸನಿ, ಮಿಷನ್ನಿಗೆ ಈಗಷ್ಟೇ ಎಣ್ಣಿ ಬಿಟ್ಟು ಹೋಗ್ಯಾನ ಯಂಕೋಬ, ಇಂಥಾ ಗಂಡ ಮಾನ್ವಿಯೊಳಗ ಇನ್ಯಾರಿಗದಾನ — ಪಾರ್ವತೆಮ್ಮ ಕೀಲಿ ಮ್ಯಾಲೆ ಬೆರಳಿಟ್ಟು ಕುಂತಾಳ, ಒಂದಕ್ಷರ ಬರವಲ್ದು. ಗ್ವಾಡಿಗೆ ಮುಖ ಮಾಡಿ ಟೇಬಲ್ ಹಾಕ್ಯಾನ, ಕ್ಯಾಲೆಂಡರ್ ಕಿತ್ತಾನ, ರೇಡಿಯೋ ಅವರಕ್ಕನ ಮನಿಗೆ ಸಾಗಿಸ್ಯಾನ, ಸಾಲಿನ ಕೊನಿಗೆ ಟಿಣ್ ಅನ್ನೋ ಗಂಟಿಗೂ ಹತ್ತಿ ತುರುಕ್ಯಾನ, ನಿನ್ನ ಧ್ಯಾನ ಕೆಡಬಾರ್ದು ಬೇ, ನೀನು, ಮಿಷನ್ನು, ಹಾಳಿ, ಅಷ್ಟ ಅಂತಾನ. ಈ ಹಳೇ ಮಿಷನ್ ರಿಪೇರಿ ಮಾಡಿಕೊಟ್ಟ ರಾಯಚೂರಿನ ಖಾಸಿಂ ಸಾಬ್ ನಕ್ಕಿದ್ದ, ಕಂಪ್ಯೂಟರ್ ಬರಾಕತ್ಯಾವಂತ್ರೀ ಅಕ್ಕಾರ, ತಪ್ಪಾದ್ರ ಅಳಿಸಿದ್ರಾತು — ಆದ್ರ ಆಕಿ ತ್ರಾಸು ಅಳಿಸೋದಲ್ಲ, ಶುರು ಮಾಡೋದು. ಹನ್ನೆರಡು ವರ್ಷ ತಾಲೂಕು ಕಚೇರಿ ಮುಂದ ಬೇವಿನ ಗಿಡದ ಕೆಳಗ ಮಂದಿ ಅರ್ಜಿ ಹೊಡದ ಬೆರಳಿವು, ಅವ್ವನ ಕತಿ ಬರೀರಿ ಅಂದ್ರ ತಾವಾಗೇ ಹೊಡೀತಾವ, ಇವರಿಗೆ, ಮಾನ್ಯ ತಹಶೀಲ್ದಾರರು, ಮಾನ್ವಿ — ಹಾಳಾಗಿ ಹೋಗ್ಲಿ, ಇದು ಮೂರನೇ ಹಾಳಿ! ಹೊರಗ ಯಂಕೋಬ ಬಾಗಿಲು ಕಾಯಾಕತ್ಯಾನ, ಬಾಜೂ ಮನಿಯಾಕಿಗೆ ಊರಿಗೇ ಕೇಳಂಗ ಒದರ್ತಾನ, ಸದ್ದು ಮಾಡಬ್ಯಾಡವಾ ನೂರ್ ಬೀ, ನಮ್ಮಾಕಿ ಕತಿ ಬರ್ಯಾಕತ್ಯಾಳ, ಅದರಾಗ ನಮ್ಮತ್ತಿ ಬರ್ತಾಳ — ಅಯ್ಯ ನಮ್ಮಪ್ಪಾ, ಎಲ್ಲಾರಕಿಂತ ನಿಂದ ದೊಡ್ಡ ಸದ್ದು, ನಗು ಬರ್ತದ, ಎದ್ದು ಹೋಗಿ ಕೆನ್ನಿ ಹಿಂಡಬೇಕನಸ್ತದ.

ಹೌದು, ಬರ್ತಾಳ ಅವ್ವ, ಮೂಕಮ್ಮ, ಸಿರವಾರದ ಗದ್ದಿಯೊಳಗ ನೆಲ್ಲು ಹಚ್ಚಿ ಹಚ್ಚಿ ಬೆರಳತುದಿ ಬೆಳ್ಳಗ ಸುಕ್ಕಾದಾಕಿ, ಒಂದಿನ ವಿಧವಾ ವೇತನದ ಅರ್ಜಿಗಂತ ಬಂದು ಮಂದಿ ನಡುವ ಕುಂತು ಮಗಳು ಟೈಪ್ ಹೊಡ್ಯೋದು ನೋಡಿದ್ದ ನೋಡಿದ್ದು; ಹೆಬ್ಬೆರಳಿಗೆ ಮಸಿ ಹಚ್ಚಿದ್ರೂ ಒತ್ತಲಿಲ್ಲ, ಮ್ಯಾಲೆತ್ತಿ ಹಿಡದು ಕೇಳಿದ್ಲು, ನನ್ನ ಬಗ್ಗಿ ಏನ ಬರದೀಯವಾ, ಒಂದೀಟು ಓದಿ ಹೇಳು — ಕಚೇರಿ ಮುಚ್ಚೋ ಹೊತ್ತು, ಒತ್ತವ್ವಾ ಸುಮ್ನ, ಅರ್ಜಿಯೊಳಗ ಏನಿರ್ತದ, ಅಂದುಬಿಟ್ಲು ಪಾರ್ವತೆಮ್ಮ, ಅವ್ವ ಒತ್ತಿದ್ಲು, ಬಸ್ಸು ಹತ್ತಿದ್ಲು, ಮುಂದಿನ ನಾಟಿಗೆ ಆಕಿ ಇರಲಿಲ್ಲ. ಅವ್ವಗ ಓದಿ ಹೇಳೋವಂಥಾ ಒಂದು ಹಾಳಿ, ಒಂದ ಒಂದು, ಅಷ್ಟಾದ್ರೂ ಬರೀಲಿಲ್ಲಂದ್ರ ಈ ಬೆರಳು ಇದ್ದೇನು ಉಪಯೋಗ — ನಾಲ್ಕನೇ ಹಾಳಿ ಏರಿಸ್ತಾಳ, ಮತ್ತ ಅದ, ಇವರಿಗೆ, ಇರ್ಲಿ ಬಿಡು, ಬಂದಂಗ ಬರ್ಲಿ: ಇವರಿಗೆ, ನಮ್ಮವ್ವ ಮೂಕಮ್ಮ. ವಿಷಯ: ನೀನು. ಬೆರಳು ಓಡಾಕ ಹತ್ತಿದ್ವು, ಮೊಣಕಾಲುಮಟ ಕೆಸರು, ಬಗ್ಗಿದ ಬೆನ್ನು, ಸೆರಗಿನ ತುದಿಗೆ ಕಟ್ಟಿ ತಂದ ಪುಟಾಣಿ, ಹಾಳಿ ಮುಗಿದದ್ದೂ ಗೊತ್ತಾಗ್ಲಿಲ್ಲ, ಹೊರಗೆಳದು ದನಿ ತಗದು ಓದಿದ್ಲು, ಹೊರಗ ಯಂಕೋಬ ಬಾಗಿಲಿಗೆ ಕಿವಿ ಹಚ್ಚಿದ, ಓದಿದ್ಲು, ಕೊನೀ ಸಾಲೂ ಆತು, ಅದರ ಕೆಳಗ ಸಹಿ ಮಾಡೋ ಜಾಗ, ಖಾಲಿ — ಅಲ್ಲೇ ಕಣ್ಣಮುಂದ, ಅವ್ವ ಅವತ್ತು ಮ್ಯಾಲೆತ್ತಿ ಹಿಡದ ಹೆಬ್ಬೆರಳು, ಒತ್ತವಲ್ದು, ಹೆಬ್ಬೆರಳು, ಮಸಿ ಇನ್ನೂ ಹಸಿ —