ಇಪ್ಪತ್ಮೂರನೆಯ ಪುಟ್

ಮೇಷ್ಟ್ರ ಬಾಯಲ್ಲಿ ಉಳಿದದ್ದು ಒಂದೇ ಮಾತು, ಅದೂ ಇಂಗ್ಲಿಷಿನದು: ಪುಟ್.

ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದ ಮನುಷ್ಯ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ ದಿನವೇ ಮಾತೂ ಹೋಯಿತು. ಮನೆಮಾತು ಹೋಯಿತು, ಕಲಿತ ಮಾತು ಹೋಯಿತು, ಮಗಳ ಹೆಸರೂ ಹೋಯಿತು. ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಕಣ್ಣು ಬಿಟ್ಟವರು "ಪುಟ್" ಅಂದರು. ಹೀಗೆ ಒಂದೇ ಮಾತು ಗಂಟಲಿಗೆ ಅಂಟಿಕೊಂಡು ಉಳಿಯುವುದುಂಟು ಎಂದರು ಡಾಕ್ಟರು. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳುವ ದಾರಿ ಮುಚ್ಚಿದೆ, ಅಷ್ಟೇ ಅಂತೆ. ಅಷ್ಟೇ ಅನ್ನುವುದಕ್ಕೆ ಡಾಕ್ಟರಿಗೇನು ಹೋಗಬೇಕು!

ಅದೇ ಮಾತು ಉಳಿದದ್ದು ಮಗಳಿಗೆ ಆಶ್ಚರ್ಯವೆನಿಸಲಿಲ್ಲ. ಶಾಲೆಯಲ್ಲಿ ಅಪ್ಪನ ಅಡ್ಡಹೆಸರೇ ಪುಟ್ ಮೇಷ್ಟ್ರು. "ಉಳಿದ ಕ್ರಿಯಾಪದಗಳೆಲ್ಲ ಕಾಲಕ್ಕೆ ತಕ್ಕ ಹಾಗೆ ವೇಷ ಹಾಕ್ತವೆ ಕಣ್ರೋ. ಗೋ ಅನ್ನೋನು ನಿನ್ನೆಗೆ ವೆಂಟ್ ಆಗ್ತಾನೆ. ಇವನನ್ನ ನೋಡಿ, ನಿನ್ನೆನೂ ಪುಟ್, ಇವತ್ತೂ ಪುಟ್. ನಂಬಿದ್ರೆ ಇಂಥವನನ್ನ ನಂಬಬೇಕು" ಎಂದು ಪ್ರತಿವರ್ಷ ಹೇಳುತ್ತಿದ್ದರು. ಆಮೇಲೆ ಬೋರ್ಡಿನ ಮೇಲೆ ನಂಬರು ಹಾಕಿ ಅರ್ಥಗಳು: ಇಡು, ಹಾಕು. ಪಕ್ಕದಲ್ಲಿ ಆನ್ ಬಂದರೆ ತೊಟ್ಟುಕೊ, ಆಫ್ ಬಂದರೆ ಮುಂದಕ್ಕೆ ಹಾಕು, ಔಟ್ ಬಂದರೆ ದೀಪ ಆರಿಸು. ಒಂದೊಂದಕ್ಕೂ ಉದಾಹರಣೆ ಕೊಡಲೇಬೇಕು. ಉದಾಹರಣೆಯಿಲ್ಲದೆ ಅರ್ಥ ಬರೆದವರಿಗೆ ಸೊನ್ನೆ. ಮಗಳಿಗೂ ಒಮ್ಮೆ ಕೊಟ್ಟಿದ್ದರು.

ಮಗಳಿಗೆ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜುವ ಕೆಲಸ. ರಜೆ ಹಾಕಿ ಅಪ್ಪನ ಪಕ್ಕದಲ್ಲಿ ಕೂತಳು. ಅಳು ಮೊದಲ ವಾರದಲ್ಲೇ ಮುಗಿದುಹೋಯಿತು. ಆಮೇಲೆ ಉಳಿದದ್ದು ಬರೀ ಕೆಲಸ. ಎತ್ತಿ ಕೂರಿಸುವುದು, ಒರೆಸುವುದು, ಉಣಿಸುವುದು, ಒಗೆಯುವುದು. ತಾನು ತಿಂದದ್ದು ಸಪ್ಪೆಯೋ ಉಪ್ಪೋ ಅವಳಿಗೆ ತಿಳಿಯುತ್ತಿರಲಿಲ್ಲ. ಹೇಗಿದ್ದೀಯ ಎಂದು ಯಾರಾದರೂ ಕೇಳಿದರೆ, ಬೇರೆ ಯಾರದೋ ವಿಷಯ ಹೇಳುವವಳ ಹಾಗೆ "ಇದ್ದೀನಿ" ಅನ್ನುತ್ತಿದ್ದಳು.

ಆದರೆ ಬುದ್ಧಿ ಮಂಕಾಗಿರಲಿಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಅಪ್ಪನ ಹಾಗೆಯೇ ನಂಬರು ಹಾಕಿ ಪುಟ್‌ನ ಅರ್ಥ ಬರೆಯುತ್ತ ಹೋದಳು. ಒಂದು: ಎಳೆದು ಹೇಳಿದರೆ ನೀರು. ನಾಲ್ಕು: ಬೇಗ ಬೇಗ ಎರಡು ಸಲ, ಬಚ್ಚಲಿಗೆ. ಒಂಬತ್ತು: ಹುಬ್ಬೆತ್ತಿ ಹೇಳಿದರೆ ಕಿಟಕಿ ತೆಗೆ. ಹದಿನೈದು: ಹಲ್ಲು ಕಚ್ಚಿ ಹೇಳಿದರೆ, ಟೀವಿಯವನ ಇಂಗ್ಲಿಷ್ ತಪ್ಪು. ಹೀಗೆ ಇಪ್ಪತ್ತೆರಡು ಸಿಕ್ಕವು. ಇಪ್ಪತ್ಮೂರು ಮಾತ್ರ ಸಿಕ್ಕಲಿಲ್ಲ.

ಅದು ಮಧ್ಯಾಹ್ನ ಮೂರರ ಸುಮಾರಿಗೆ ಶುರುವಾಗುತ್ತಿತ್ತು. ಎಡಗೈ ಎತ್ತಿ, ನೇರವಾಗಿ ಅವಳನ್ನೇ ತೋರಿಸಿ, "ಪುಟ್. ಪುಟ್. ಪುಟ್." ನೀರು ಕೊಟ್ಟಳು, ದಿಂಬು ಸರಿಸಿದಳು, ಫ್ಯಾನು ಹಾಕಿದಳು, ಆರಿಸಿದಳು. ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಬೆರಳು ಅವಳ ಮೇಲೇ ಇರುತ್ತಿತ್ತು. ಬರಬರುತ್ತ ಅದು ದೂರು ಅನ್ನಿಸತೊಡಗಿತು. ನೀನು ಮಾಡುತ್ತಿರುವುದು ಸಾಲದು ಎಂದು ಅಪ್ಪ ದಿನಾ ಸೊನ್ನೆ ಹಾಕುತ್ತಿದ್ದಾರೆ. ಒಂದು ದಿನ ತಡೆಯಲಾರದೆ ಕೂಗಿದಳು:

"ಇನ್ನೇನಪ್ಪಾ ಬೇಕು ನಿಂಗೆ? ಎಲ್ಲಾ ಮಾಡಿದ್ದೀನಲ್ಲ! ಬಾಯಿ ಮುಚ್ಕೊಂಡಿರು ಸ್ವಲ್ಪ!"

ಮೇಷ್ಟ್ರು ಬಾಯಿ ಮುಚ್ಚಿದರು. ಎರಡು ದಿನ ಆ ಒಂದು ಮಾತನ್ನೂ ಆಡಲಿಲ್ಲ. ನೀರೂ ಕೇಳಲಿಲ್ಲ. ಅವಳಿಗೆ ಪಶ್ಚಾತ್ತಾಪ ಆಗಬೇಕಿತ್ತು, ಆಗಲಿಲ್ಲ. ಎದೆಯಲ್ಲಿ ಏನೂ ಅಲ್ಲಾಡಲಿಲ್ಲ. ಮೂರನೆಯ ದಿನ, ಮೂರು ಗಂಟೆಗೆ, ಮತ್ತೆ ಅದೇ ಬೆರಳು, ಅದೇ ಪುಟ್.

ಒಂಬತ್ತು ತಿಂಗಳಾದ ಮೇಲೆ ಅಂಗಡಿಯ ಯಜಮಾನರು ಫೋನ್ ಮಾಡಿದರು. "ಇನ್ನು ಕಾಯೋಕಾಗಲ್ಲಮ್ಮ. ಒಂದನೇ ತಾರೀಖು ಬಂದ್ರೆ ಸರಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ." ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಆರೈಕೆ ಮನೆಯೊಂದರಲ್ಲಿ ಮಂಚ ಸಿಕ್ಕಿತು. ಅವಳು ಪಟ್ಟಿಯನ್ನು ದುಂಡಗೆ ಪ್ರತಿ ಮಾಡಿದಳು, ಎಲ್ಲದಕ್ಕೂ ಉದಾಹರಣೆ ಕೊಟ್ಟಳು. ಇಪ್ಪತ್ಮೂರರ ಮುಂದೆ "ಮಧ್ಯಾಹ್ನ ಮೂರು ಗಂಟೆ" ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಅಲ್ಲಿನ ಆಯಾ ಐವತ್ತು ದಾಟಿದ ಹೆಂಗಸು. ಎಲ್ಲರೂ ಗುಂಡಕ್ಕ ಅನ್ನುತ್ತಿದ್ದರು. ಪಟ್ಟಿ ನೋಡಿ ಕಣ್ಣರಳಿಸಿದಳು. "ಅಬ್ಬಬ್ಬಾ, ಒಂದು ಮಾತಿಗೆ ಇಷ್ಟೊಂದಾ! ನಮ್ಮನೆಯವರು ದಿನವೆಲ್ಲ ವಟವಟ ಅಂತಾರೆ, ಒಂದಕ್ಕೂ ಅರ್ಥ ಇಲ್ಲ."

ಮಗಳು ಹತ್ತು ದಿನ ಆ ಕಡೆ ಹೋಗಲಿಲ್ಲ. ಕೆಲಸ ಜಾಸ್ತಿ ಎಂದು ಫೋನಿನಲ್ಲಿ ಹೇಳಿದಳು. ನಿಜಕ್ಕೂ ಆ ಬೆರಳನ್ನು ಎದುರಿಸುವುದು ಅವಳಿಗೆ ಬೇಡವಾಗಿತ್ತು.

ಭಾನುವಾರ ಮನೆ ಗುಡಿಸಿ, ಬಟ್ಟೆ ಒಗೆದು, ಹಾಗೇ ಬಸ್ಸು ಹತ್ತಿ ಹೋದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಅಪ್ಪ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದರು. ನೀಟಾಗಿ ಶೇವ್ ಮಾಡಿತ್ತು. ಪಟ್ಟಿ ಗೋಡೆಯ ಮೇಲಿತ್ತು. ಇಪ್ಪತ್ಮೂರರ ಪ್ರಶ್ನಾರ್ಥಕ ಚಿಹ್ನೆಯನ್ನು ಯಾರೋ ಪೆನ್ಸಿಲಿನಿಂದ ಹೊಡೆದುಹಾಕಿ, ಸೊಟ್ಟ ಅಕ್ಷರದಲ್ಲಿ "ಊಟ" ಎಂದು ಬರೆದಿದ್ದರು.

"ಊಟ ಅಲ್ಲ ಅಕ್ಕಾ ಅದು. ಅವರ ಊಟ ಹನ್ನೆರಡೂವರೆಗೇ ಆಗುತ್ತೆ. ಎಷ್ಟೋ ಸಲ ತಿನ್ನಿಸಿ ನೋಡಿದ್ದೀನಿ, ಉಗಿದುಬಿಡ್ತಾರೆ" ಎಂದಳು ಮಗಳು, ಪಕ್ಕದ ಮಂಚ ಸರಿಮಾಡುತ್ತಿದ್ದ ಗುಂಡಕ್ಕನಿಗೆ.

"ಅವರ ಊಟ ಅಲ್ಲ ತಾಯಿ, ನಂದು" ಎಂದಳು ಗುಂಡಕ್ಕ. "ಎಲ್ಲರದ್ದೂ ಮುಗಿಸಿ ನಾನು ಕೂರೋದು ಲೇಟು. ಮೂರಾದ್ರೆ ಸಾಕು, ಕೈ ತೋರಿಸಿ ಶುರು ಮಾಡೋರು. ನಾಲ್ಕನೇ ದಿನ ಸುಸ್ತಾಗಿ ಇವರ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಕೂತೆ ನೋಡಿ, ಗಪ್‌ಚುಪ್! ಮರುದಿನ ತಡ ಆಯ್ತು, ಮತ್ತೆ ಪುಟ್ ಪುಟ್. ಪೂರ್ತಿ ತಿನ್ನೋವರೆಗೆ ಬಿಡಲ್ಲ ಮೇಷ್ಟ್ರು."

ಮಗಳು ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಓದಿದಳು. ಇಪ್ಪತ್ತೆರಡೂ ಅಪ್ಪನ ಬೇಕುಬೇಡಗಳು. ಇಪ್ಪತ್ಮೂರನೆಯದನ್ನೂ ಅವಳು ಅಲ್ಲೇ ಹುಡುಕಿದ್ದಳು. ಒಂಬತ್ತು ತಿಂಗಳು ಅವಳು ಮೂರಕ್ಕೆ ಮುಂಚೆ ಊಟಕ್ಕೆ ಕೂತದ್ದೇ ಇಲ್ಲ. ಎಷ್ಟೋ ದಿನ ಕೂತದ್ದೇ ಇಲ್ಲ.

ಬೆನ್ನ ಹಿಂದೆ "ಪುಟ್" ಎಂದು ಕೇಳಿಸಿತು. ತಿರುಗಿದಳು. ಬೆರಳು ಅವಳ ಕಡೆಗೇ ಇತ್ತು.

"ತಿಂದಿಲ್ಲ ತಾನೇ ನೀವು? ಗೊತ್ತಾಗಿಬಿಟ್ಟಿದೆ ಅವರಿಗೆ" ಎಂದು ಗುಂಡಕ್ಕ ತನ್ನ ಡಬ್ಬಿಯ ಮುಚ್ಚಳಕ್ಕೆ ಅರ್ಧ ಹಾಕಿ ಕೊಟ್ಟಳು.

ಮಗಳು ಅಪ್ಪನ ಎದುರು ಸ್ಟೂಲಿನ ಮೇಲೆ ಕೂತು ತಿಂದಳು. ಅಳು ಬರಲಿಲ್ಲ. ಉಪ್ಪು ಒಂದು ಚೂರು ಹೆಚ್ಚಾಗಿದೆ ಅನ್ನಿಸಿತು. ಅಷ್ಟು ಗೊತ್ತಾಗಿ ಎಷ್ಟು ದಿನವಾಗಿತ್ತೋ! ನಾಲ್ಕನೆಯ ತುತ್ತಿಗೆ ಅಪ್ಪನ ಕೈ ಕೆಳಗಿಳಿದು ತೊಡೆಯ ಮೇಲೆ ಕೂತಿತು. ಕೊನೆಯ ತುತ್ತಿನವರೆಗೂ ನೋಡುತ್ತಿದ್ದು, ಆಮೇಲೆ ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಅವಳು ಕೈ ತೊಳೆದು, ಗುಂಡಕ್ಕನ ಪೆನ್ಸಿಲು ಇಸಿದುಕೊಂಡು, ಇಪ್ಪತ್ಮೂರರ ಮುಂದೆ ಉದಾಹರಣೆ ಬರೆದಳು: ಭಾನುವಾರ, ಮೂರು ಗಂಟೆ, ಮಗಳು ಊಟ ಮಾಡಿದಳು.